ತೂಕದವರ ಸಮ್ಮೇಳನಕ್ಕೆ ಕಣ್ಣುಬೇನೆ

ಕಾಲುಗ್ರಾಂ ಸಾಹೇಬರು ತಮ್ಮ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಹನ್ನೊಂದು ಗುಂಪು ಫೋಟೋಗಳಿಗೆ ನಿಂತಿದ್ದರು. ಹನ್ನೊಂದರಲ್ಲೂ ಅವರ ಕಣ್ಣು ಮುಚ್ಚಿತ್ತು. ಫೋಟೋ ತೆಗೆಯುವವನು "ರೆಡಿ" ಅಂದದ್ದೇ ತಡ, ಅವರ ರೆಪ್ಪೆಗಳು ಅಂಗಡಿಯ ಶಟರಿನ ಹಾಗೆ ಧಡಕ್ಕನೆ ಕೆಳಗಿಳಿದುಬಿಡುತ್ತಿದ್ದವು. ಗೋಡೆಯ ಮೇಲಿದ್ದ ಅಂಥದೊಂದು ಫೋಟೋ ನೋಡಿದ ದೂರದ ನೆಂಟರೊಬ್ಬರು, "ಪಾಪ, ಇವರು ಹೋಗಿ ಎಷ್ಟು ವರ್ಷ ಆಯ್ತು?" ಎಂದು ಸ್ವತಃ ಸಾಹೇಬರನ್ನೇ ಕೇಳಿದ್ದುಂಟು.

ಕಾಲುಗ್ರಾಂ ಎಂಬ ಹೆಸರು ಅವರಿಗೆ ಹೆತ್ತವರು ಇಟ್ಟದ್ದಲ್ಲ, ಸಕ್ಕರೆ ಅಂಗಡಿಯವನೊಬ್ಬ ಇಟ್ಟದ್ದು. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿಗಳ ತಕ್ಕಡಿ ಸರಿಯಿದೆಯೇ ಎಂದು ನೋಡಿ ಮುದ್ರೆ ಒತ್ತುವುದು ಅವರ ಕೆಲಸ. ಒಮ್ಮೆ ಆ ಸಕ್ಕರೆ ಅಂಗಡಿಯ ತಕ್ಕಡಿ ಕಾಲು ಗ್ರಾಂ ತಪ್ಪು ತೋರಿಸುತ್ತಿದೆಯೆಂದು ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ತೂಗಿದ್ದೇ ತೂಗಿದರು. ಕೊನೆಗೆ ನೋಡಿದರೆ ತಟ್ಟೆಯ ಅಡಿಯಲ್ಲಿ ಇರುವೆಗಳು ಸಂಸಾರ ಹೂಡಿದ್ದವು. ಅವತ್ತು ವ್ಯಾಪಾರವಿಲ್ಲದೆ ಕೂತ ಅಂಗಡಿಯವನು ಸಿಟ್ಟಿನಿಂದ ಇಟ್ಟ ಹೆಸರು ಅದು. ಸಾಹೇಬರು ಮಾತ್ರ ಅದನ್ನು ಬಿರುದೆಂದೇ ತಿಳಿದರು.

ಇಂಥವರು ಇನ್ಸ್‌ಪೆಕ್ಟರುಗಳ ಸಂಘಕ್ಕೆ ಕಾರ್ಯದರ್ಶಿಯಾದದ್ದು ಇನ್ನೊಂದು ಕಥೆ. ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರು, "ಈ ಜವಾಬ್ದಾರಿ ಯಾರು ಹೊತ್ಕೋತೀರಿ?" ಎಂದು ಕೇಳಿದಾಗ ನೂರಿಪ್ಪತ್ತು ಜನರೂ ತಮ್ಮ ತಮ್ಮ ಚಪ್ಪಲಿ ನೋಡುತ್ತ ಕೂತರು. ಸೆಕೆ ತಾಳಲಾರದೆ, ಕಿಟಕಿ ತೆಗೆಸಿ ಎಂದು ಹೇಳಲು ಕಾಲುಗ್ರಾಂ ಕೈ ಎತ್ತಿದರು. ಚಪ್ಪಾಳೆಯ ಸದ್ದಿನಲ್ಲಿ ಕಿಟಕಿಯ ವಿಷಯ ಯಾರಿಗೂ ಕೇಳಿಸಲಿಲ್ಲ. ಅವಿರೋಧ ಆಯ್ಕೆ.

ಆ ವರ್ಷ ಸಂಘದ ಮಹಾ ಸಮ್ಮೇಳನ. ಎಲ್ಲ ಕಡೆಯಿಂದ ಮುನ್ನೂರ ನಲವತ್ತು ಪ್ರತಿನಿಧಿಗಳು, ಮೂರು ದಿನ, ಹನ್ನೆರಡು ಭಾಷಣ. ಉದ್ಘಾಟನೆಗೆ ತಕ್ಕಡಿ ಮೇಷ್ಟ್ರು ಬರುವವರಿದ್ದರು. ಇಲಾಖೆಯ ತರಬೇತಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಎಂಬತ್ತೆರಡರ ಮುದುಕರು. ಇವತ್ತು ಸೇವೆಯಲ್ಲಿರುವ ಮುಕ್ಕಾಲು ಪಾಲು ಹಿರಿಯ ಇನ್ಸ್‌ಪೆಕ್ಟರುಗಳು ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಸ್ಮರಣ ಸಂಚಿಕೆಯೊಂದು ಅಚ್ಚಾಗಬೇಕಿತ್ತು. ಅದರ ಮೂರನೇ ಪುಟದಲ್ಲಿ ಕಾರ್ಯದರ್ಶಿಯವರ ಭಾವಚಿತ್ರ!

ಸಾಹೇಬರಿಗೆ ಅನ್ನ ಇಳಿಯದಾಯಿತು. ಮುನ್ನೂರ ನಲವತ್ತು ಜನರ ಕೈಯಲ್ಲಿ ತಮ್ಮ ಕಣ್ಣುಮುಚ್ಚಿದ ಮುಖ! ಆಗ ಆಪದ್ಬಾಂಧವನಾಗಿ ಬಂದವನು ಅವರ ಹೆಂಡತಿಯ ತಮ್ಮ. ಅವನದು ಕನ್ನಡಕದ ಅಂಗಡಿ.

"ಭಾವ, ಇದನ್ನ ಹಾಕ್ಕೊಳ್ಳಿ," ಎಂದು ಅವನು ಅಂಗೈ ಅಗಲದ ಗಾಜಿನ ಒಂದು ಕಪ್ಪು ಕನ್ನಡಕ ಮುಂದಿಟ್ಟ. "ಒಳಗೆ ನೀವು ಗೊರಕೆ ಹೊಡೀತಿದ್ರೂ ಹೊರಗಿನವರಿಗೆ ಗಾಢವಾಗಿ ಯೋಚನೆ ಮಾಡ್ತಿರೋ ಹಾಗೆ ಕಾಣುತ್ತೆ."

ಫೋಟೋ ಅದ್ಭುತವಾಗಿ ಬಂತು. ಸಾಹೇಬರು ಅದನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ತಾವು ಇಷ್ಟು ದಿನ ಬರಿ ಇನ್ಸ್‌ಪೆಕ್ಟರ್ ಆಗಿ ಉಳಿದದ್ದು ದೇಶಕ್ಕಾದ ನಷ್ಟ ಎನ್ನಿಸಿತು. ಅವತ್ತಿನಿಂದ, ಸಮ್ಮೇಳನದವರೆಗೂ ಅಭ್ಯಾಸವಾಗಿರಲಿ ಎಂದು, ಸ್ನಾನದ ಹೊತ್ತು ಬಿಟ್ಟರೆ ಮಿಕ್ಕೆಲ್ಲ ಹೊತ್ತಿನಲ್ಲೂ ಆ ಕನ್ನಡಕ ಅವರ ಮೂಗಿನ ಮೇಲೆಯೇ ಇರತೊಡಗಿತು.

ಇಲ್ಲಿ ಒಂದು ಸಣ್ಣ ವಿಷಯ ಹೇಳಲೇಬೇಕು. ಸರಿಯಾಗಿ ಅದೇ ವಾರ ನಗರಕ್ಕೆ ಕಣ್ಣುಬೇನೆ ಕಾಲಿಟ್ಟಿತ್ತು. ಇವತ್ತು ಒಬ್ಬರ ಕಣ್ಣು ಕೆಂಪಾದರೆ ನಾಳೆ ಮನೆಮಂದಿಯದೆಲ್ಲ ಕೆಂಪು. ನೀರು ಸುರಿಯುವುದು, ಪಿಸುರು ಕಟ್ಟುವುದು, ರೆಪ್ಪೆ ಅಂಟಿಕೊಳ್ಳುವುದು. ಬೇನೆ ಬಂದವರೆಲ್ಲ ಬೆಳಕು ತಾಳದೆ ಕಪ್ಪು ಕನ್ನಡಕ ಹಾಕಿಕೊಂಡು ಓಡಾಡುತ್ತಿದ್ದರು.

ಸಾಹೇಬರ ಹೆಂಡತಿ ಪ್ರಾಥಮಿಕ ಶಾಲೆಯ ಟೀಚರು. ತರಗತಿಯ ಅರ್ಧ ಬೆಂಚುಗಳು ಖಾಲಿಯಾದದ್ದನ್ನು ನೋಡಿ ಬಂದ ಆಕೆ ಮೊದಲ ದಿನವೇ ಹೇಳಿದಳು.

"ರೀ, ಅದನ್ನ ತೆಗೆದಿಡಿ. ಊರೆಲ್ಲಾ ಕಣ್ಣುಬೇನೆ. ಜನ ತಪ್ಪು ತಿಳ್ಕೋತಾರೆ."

"ನೀನು ನನ್ನ ಹೆಂಡತಿ. ಅದಕ್ಕೇ ನಿನಗೆ ಇದರ ಬೆಲೆ ಗೊತ್ತಾಗ್ತಿಲ್ಲ," ಎಂದರು ಸಾಹೇಬರು.

ಮರುದಿನ ಬಸ್ಸು ಹತ್ತಿದರು. ನಿಲ್ಲಲೂ ಜಾಗವಿಲ್ಲದ ಬಸ್ಸು. ಇವರು ಹತ್ತಿದ್ದೇ ತಡ, ಮೂವರು ಕೂರುವ ಸೀಟಿನಿಂದ ಮೂವರೂ ಒಟ್ಟಿಗೆ ಎದ್ದುನಿಂತರು. "ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದು ಸಾಹೇಬರು ದೊಡ್ಡಮನಸ್ಸಿನಿಂದ ಹೇಳಿದರು. ಯಾರೂ ಕೂರಲಿಲ್ಲ. ಕಂಡಕ್ಟರು ಟಿಕೆಟನ್ನು ಕೈಗೆ ಕೊಡದೆ ಸೀಟಿನ ಅಂಚಿಗೆ ಸಿಕ್ಕಿಸಿ ಹಿಂದೆ ಸರಿದ. ಎಂಥ ವಿನಯ, ಎಂದುಕೊಂಡರು ಸಾಹೇಬರು.

ಆಫೀಸಿನಲ್ಲಿ ಗುಮಾಸ್ತರು ಕಡತವನ್ನು ಮೇಜಿನ ಆಚೆ ತುದಿಯಲ್ಲಿಟ್ಟು, ಬಟ್ಟೆ ಅಳೆಯುವ ಒಂದು ಮೀಟರಿನ ಹಿತ್ತಾಳೆ ಕೋಲಿನಿಂದ ಮೆಲ್ಲಗೆ ಇವರತ್ತ ತಳ್ಳಿದರು.

"ಯಾಕ್ರೀ, ಹತ್ತಿರ ಬನ್ನಿ," ಎಂದರು ಸಾಹೇಬರು.

"ಬೇಡ ಸಾರ್. ನಾನು ಎಲ್ಲಿರಬೇಕೋ ಅಲ್ಲೇ ಇರ್ತೀನಿ," ಎಂದರು ಗುಮಾಸ್ತರು.

ಇಪ್ಪತ್ತಾರು ವರ್ಷದಲ್ಲಿ ಆ ಗುಮಾಸ್ತರು ತಾವು ಎಲ್ಲಿರಬೇಕೆಂದು ಅರಿತುಕೊಂಡದ್ದು ಅದೇ ಮೊದಲು. ಸಾಹೇಬರ ಎದೆ ಉಬ್ಬಿತು. ಸಂಜೆ ಹೆಂಡತಿಗೆ ಹೇಳಿದರು, "ನೋಡೇ, ಪದವಿ ಅಂದ್ರೆ ಇದು. ಜನ ನನ್ನ ನೆರಳು ಕೂಡ ತುಳೀತಿಲ್ಲ."

ಅಷ್ಟು ಹೊತ್ತಿಗಾಗಲೇ ಸುದ್ದಿ ಅವರಿಗಿಂತ ಮುಂದೆ ಓಡುತ್ತಿತ್ತು. ಬೆಳಗ್ಗೆ "ಕಾರ್ಯದರ್ಶಿಗೆ ಕಣ್ಣುಬೇನೆ" ಎಂದಿದ್ದದ್ದು ಮಧ್ಯಾಹ್ನ "ಆಫೀಸಿನಲ್ಲಿ ಐದು ಜನಕ್ಕೆ" ಎಂದಾಯಿತು. ಮೂರು ಗಂಟೆಗೆ "ತೂಕದ ಇಲಾಖೆಯೇ ಮುಚ್ಚಿದೆಯಂತೆ" ಎಂದು ತಿಳಿದು ತರಕಾರಿ ಮಾರುಕಟ್ಟೆಯಲ್ಲಿ ಕೆಲವರು ಹಳೆಯ ತಕ್ಕಡಿಗಳನ್ನು ಅಟ್ಟದಿಂದ ಕೆಳಗಿಳಿಸಿದರು.

ಮೂರನೆಯ ದಿನ ಸಂಘದ ಕಾರ್ಯಕಾರಿ ಸಮಿತಿಯ ಸಭೆ. ಸಮ್ಮೇಳನಕ್ಕೆ ಹತ್ತು ದಿನ ಉಳಿದಿತ್ತು. ಸಾಹೇಬರು ಒಳಗೆ ಬಂದಾಗ ಎಂಟು ಸದಸ್ಯರ ಕುರ್ಚಿಗಳೂ ಗೋಡೆಗೆ ಅಂಟಿಕೊಂಡಿದ್ದವು. ನಡುವೆ ಒಂದೇ ಒಂದು ಕುರ್ಚಿ, ಅಪರಾಧಿಯನ್ನು ಕೂರಿಸುವ ಹಾಗೆ. ಅದು ತಮ್ಮ ಗೌರವಕ್ಕೆಂದು ತಿಳಿದು ಸಾಹೇಬರು ಅಲ್ಲಿ ಕಾಲಮೇಲೆ ಕಾಲು ಹಾಕಿ ಕೂತರು.

ಅಧ್ಯಕ್ಷರು ಇಲಾಖೆಯ ಹಿರಿಯ ಅಧಿಕಾರಿ. ಮೂವತ್ತೆರಡು ವರ್ಷದ ಸೇವೆಯಲ್ಲಿ ಅವರು ಒಂದೇ ಒಂದು ತೀರ್ಮಾನವನ್ನೂ ಕೈಗೊಂಡಿರಲಿಲ್ಲ. ಹಾಗಾಗಿ ಅವರ ಒಂದು ತೀರ್ಮಾನವೂ ತಪ್ಪಾಗಿರಲಿಲ್ಲ. ಕೆಮ್ಮಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

"ನೋಡಿ, ಈಗಿನ ಪರಿಸ್ಥಿತಿ ಎಲ್ಲರ ಕಣ್ಣೆದುರಿಗೇ ಇದೆ."

ಎಂಟೂ ಜನ ಕಾಲುಗ್ರಾಂ ಸಾಹೇಬರನ್ನೇ ನೋಡಿದರು. ಸಾಹೇಬರು ನಾಚಿಕೊಂಡರು.

"ನನ್ನದೇನೂ ಇಲ್ಲ ಸಾರ್. ಎಲ್ಲರಿಗೂ ಇದರಲ್ಲಿ ಪಾಲಿದೆ. ಮುಂದಿನ ವಾರದೊಳಗೆ ಒಬ್ಬೊಬ್ಬರ ಮನೆಗೂ ಬಂದು ಕೈ ಕುಲುಕಬೇಕು ಅಂತಿದ್ದೀನಿ."

ಖಜಾಂಚಿಯವರು ಕುರ್ಚಿಯನ್ನು ಇನ್ನೂ ಹಿಂದಕ್ಕೆ ತಳ್ಳಲು ನೋಡಿದರು. ಹಿಂದೆ ಗೋಡೆಯಿತ್ತು. "ತಾವು ಹತ್ತು ದಿನ ಮನೇಲೇ ರೆಸ್ಟ್ ತಗೊಂಡ್ರೆ ಒಳ್ಳೇದಲ್ವಾ?" ಎಂದರು ಹೆದರುತ್ತ.

"ರೆಸ್ಟಾ? ಸಮ್ಮೇಳನ ಮುಗಿಯೋವರೆಗೂ ನನಗೆ ರೆಸ್ಟ್ ಇಲ್ಲ! ಮುನ್ನೂರ ನಲವತ್ತು ಜನರನ್ನೂ ನಾನೇ ಖುದ್ದಾಗಿ ಬರಮಾಡ್ಕೋತೀನಿ. ನನ್ನಲ್ಲಿರೋದನ್ನ ಎಲ್ಲರಿಗೂ ಹಂಚ್ತೀನಿ!"

ಒಬ್ಬ ಸದಸ್ಯರು ಕರವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡರು. ಇನ್ನೊಬ್ಬರಿಗೆ ತಡೆಯಲಾಗಲಿಲ್ಲ. "ಅಲ್ರೀ, ಕಣ್ಣುಬೇನೆ ಇಟ್ಕೊಂಡು ಇಷ್ಟು ಧೈರ್ಯವಾಗಿ ಮಾತಾಡ್ತೀರಲ್ಲ, ನಿಮಗೆ ಮನುಷ್ಯತ್ವ ಇದೆಯಾ?"

"ಯಾರಿಗೆ ಕಣ್ಣುಬೇನೆ?" ಎಂದರು ಸಾಹೇಬರು.

"ನಿಮಗೆ!"

ಬಸ್ಸಿನ ಸೀಟು, ಹಿತ್ತಾಳೆ ಕೋಲು, ನಡುವಿನ ಕುರ್ಚಿ ಎಲ್ಲವೂ ಒಂದರ ಹಿಂದೆ ಒಂದರಂತೆ ಸಾಹೇಬರ ತಲೆಯಲ್ಲಿ ಹಾದುಹೋದವು. ಮುಖ ಕಪ್ಪಿಟ್ಟಿತು. "ಸುಳ್ಳು! ಶುದ್ಧ ಸುಳ್ಳು! ಇದು ಬರೀ ಫೋಟೋಕ್ಕೆ ಹಾಕ್ಕೊಂಡಿದ್ದು. ನೋಡಿ ಬೇಕಾದ್ರೆ!" ಎನ್ನುತ್ತ ಕನ್ನಡಕವನ್ನು ಕಿತ್ತು ತೆಗೆದರು.

ಮೂರು ದಿನ ಬಿಡದೆ ಹಾಕಿಕೊಂಡ ಅಗ್ಗದ ಗಾಜು. ಒಳಗೆ ಬೆವರು ಇಳಿದು, ಉಜ್ಜಿ ಉಜ್ಜಿ, ಎರಡು ಕಣ್ಣುಗಳೂ ಟೊಮೇಟೊ ಹಣ್ಣಾಗಿದ್ದವು. ಅವಮಾನಕ್ಕೆ ನೀರೂ ತುಂಬಿಕೊಂಡಿತ್ತು.

ಆಮೇಲೆ ಆ ಕೋಣೆಯಲ್ಲಿ ನಡೆದದ್ದನ್ನು ಸಭೆ ಎನ್ನುವುದು ಕಷ್ಟ. ಬಾಗಿಲು ಒಂದೇ, ಸದಸ್ಯರು ಎಂಟು. ಕೊನೆಗೆ ಎಲ್ಲರೂ ವರಾಂಡದಲ್ಲಿ ನಿಂತು, ಕಿಟಕಿಯ ಸರಳುಗಳ ಆಚೆಯಿಂದ ನಿರ್ಣಯ ಅಂಗೀಕರಿಸಿದರು. ಒಳಗೆ ಒಬ್ಬರೇ ಉಳಿದಿದ್ದ ಸಾಹೇಬರೇ ಅದನ್ನು ಬರೆದುಕೊಳ್ಳಬೇಕಾಯಿತು. "ಸಮ್ಮೇಳನವನ್ನು ವಿಜೃಂಭಣೆಯಿಂದ ನಡೆಸತಕ್ಕದ್ದು. ಅಗತ್ಯ ಬಿದ್ದಲ್ಲಿ ನಡೆಸದೆ ಇರತಕ್ಕದ್ದು. ಇವೆರಡರಲ್ಲಿ ಯಾವುದು ನಡೆದರೂ ಅದರ ಹೊಣೆ ಕಾರ್ಯದರ್ಶಿಯವರದು."

ಮರುದಿನ ಸಾಹೇಬರು ತಮಗೆ ರೋಗವಿಲ್ಲವೆಂದು ಬರೆಸಿಕೊಳ್ಳಲು ನಗರದ ಆರೋಗ್ಯಾಧಿಕಾರಿಯ ಬಳಿ ಹೋದರು. ಕನ್ನಡಕ ಮನೆಯಲ್ಲೇ ಉಳಿದಿತ್ತು. ಆರೋಗ್ಯಾಧಿಕಾರಿ ಚುರುಕಾದ ಹೆಂಗಸು. ರೆಪ್ಪೆ ಎತ್ತಿ ದೀಪ ಹಿಡಿದು ನೋಡಿ, "ಏನೂ ಇಲ್ಲ. ಕಣ್ಣು ಉಜ್ಜೋದು ಬಿಡಿ," ಎಂದು ಅರ್ಧ ನಿಮಿಷದಲ್ಲಿ ಚೀಟಿ ಕೊಟ್ಟರು. ಸಾಹೇಬರು ಅದನ್ನು ಮಡಚಿ ಜೇಬಿಗಿಟ್ಟುಕೊಂಡು ನಿಜವಾದ ಪ್ರಶ್ನೆಗೆ ಬಂದರು.

"ಮೇಡಂ, ನಗರದಲ್ಲಿ ಕಣ್ಣುಬೇನೆ ಹರಡಿದೆಯಾ?"

"ಹರಡಿದೆ ಅಂತ ಹೇಳೋಕೆ ನನಗೆ ಮೇಲಿಂದ ಆದೇಶ ಬಂದಿಲ್ಲ."

"ಎಷ್ಟು ಜನಕ್ಕೆ ಬಂದಿದೆ?"

"ಸೋಮವಾರದವರೆಗೆ ಇನ್ನೂರ ಹನ್ನೆರಡು."

"ಆಮೇಲೆ?"

"ಆಮೇಲೆ ಪಟ್ಟಿ ಬರೆಯೋ ಗುಮಾಸ್ತರಿಗೇ ಬಂತು. ಅವತ್ತಿಂದ ಒಂದೂ ಹೊಸ ಕೇಸ್ ದಾಖಲಾಗಿಲ್ಲ. ರೋಗ ಸಂಪೂರ್ಣ ಹತೋಟಿಯಲ್ಲಿದೆ ಅಂತ ಮೇಲಿನವರಿಗೆ ತುಂಬಾ ಸಂತೋಷ ಆಗಿದೆ."

"ಹಾಗಾದ್ರೆ ನಮ್ಮ ಸಮ್ಮೇಳನ ನಡೆಸಬಹುದಾ?"

ಆಕೆ ಒಂದು ಕಾಗದ ಎಳೆದು ಬರೆದು, ಮುದ್ರೆ ಒತ್ತಿ ಕೊಟ್ಟರು. ಅದರಲ್ಲಿ ಹೀಗಿತ್ತು: "ಸಮ್ಮೇಳನ ನಡೆಸಲು ಈ ಕಚೇರಿಯ ಅಭ್ಯಂತರವಿರುವುದಿಲ್ಲ. ಆದರೆ ಸಮ್ಮೇಳನದಲ್ಲಿ ಜನ ಒಂದೆಡೆ ಸೇರಬಾರದು."

ಸಾಹೇಬರು ಆ ಕಾಗದವನ್ನು ಬಸ್ಸಿನಲ್ಲಿ ನಾಲ್ಕು ಸಲ ಓದಿದರು. ಮನೆಗೆ ಬರುವ ಹೊತ್ತಿಗೆ ಫೋನು ಬಡಿದುಕೊಳ್ಳುತ್ತಿತ್ತು. ಮುಂದಿನ ಎರಡು ದಿನ ಅದು ಸುಮ್ಮನಾಗಲಿಲ್ಲ, ಆಫೀಸಿಗೆ ಪತ್ರಗಳೂ ಬಂದು ಬೀಳುತ್ತಿದ್ದವು. ಒಂದು ಶಾಖೆಯವರು, "ಏನ್ರೀ, ನಮ್ಮನ್ನೆಲ್ಲಾ ಕುರುಡು ಮಾಡಬೇಕು ಅಂತಿದ್ದೀರಾ? ಮೊದಲು ರದ್ದು ಮಾಡ್ರಿ!" ಎಂದು ಗದರಿದರು. ಇನ್ನೊಂದು ಶಾಖೆಯವರು, "ರಜೆ ಮಂಜೂರಾಗಿದೆ, ಮನೆಯವರನ್ನೂ ಕರ್ಕೊಂಡು ಹೊರಟಿದ್ದೀವಿ. ರದ್ದು ಗಿದ್ದು ಅಂದ್ರೆ ನೋಡಿ!" ಎಂದರು. ಮೂರನೆಯವರ ದನಿ ಮಾತ್ರ ಬಹಳ ನಯವಾಗಿತ್ತು. "ಸಾರ್, ನಮ್ಮಲ್ಲಿ ಹದಿನಾಲ್ಕು ಜನಕ್ಕೂ ಬಂದಿದೆ. ಏನೂ ತೊಂದರೆ ಇಲ್ಲ, ಬಂದೇ ಬರ್ತೀವಿ. ಒಂದೇ ಒಂದು ಕೋರಿಕೆ, ನಮ್ಮನ್ನ ಸ್ಟೇಷನ್ನಿನಿಂದ ಕೈ ಹಿಡ್ಕೊಂಡು ಕರ್ಕೊಂಡು ಹೋಗೋಕೆ ಯಾರಾದ್ರೂ ಇರ್ತಾರಾ?"

ಸಾಹೇಬರು ಅಧ್ಯಕ್ಷರಿಗೆ ಫೋನು ಮಾಡಿದರು.

"ಸಾರ್, ನೀವು ಒಂದು ಮಾತು ಹೇಳಿದ್ರೆ ಸಾಕು."

"ನಿಮ್ಮ ಮನಸ್ಸಿಗೆ ಬಂದಿದ್ದು ಮಾಡಿ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ. ನಾನು ಏನೂ ಹೇಳಿಲ್ಲ."

"ಸರಿ ಸಾರ್, ನೀವು ಏನೂ ಹೇಳಿಲ್ಲ."

"ಅದನ್ನೂ ಹೇಳಬೇಡಿ."

ಜೀವಮಾನವಿಡೀ ತೂಗಿದ ಮನುಷ್ಯ, ತೋಚದಾದಾಗ ಮಾಡುವುದಾದರೂ ಏನು? ಶನಿವಾರ ಮಧ್ಯಾಹ್ನ ಸಾಹೇಬರು ಆಫೀಸಿನ ಸೂಕ್ಷ್ಮ ತಕ್ಕಡಿಯನ್ನು ಗಾಜಿನ ಪೆಟ್ಟಿಗೆಯಿಂದ ಹೊರಗೆ ತೆಗೆದರು. ರದ್ದು ಮಾಡಿ ಎಂದು ಬಂದ ಪತ್ರಗಳನ್ನೆಲ್ಲ ಎಡತಟ್ಟೆಯಲ್ಲಿಟ್ಟರು, ನಡೆಸಿ ಎಂದು ಬಂದವನ್ನು ಬಲತಟ್ಟೆಯಲ್ಲಿ. ಮುಳ್ಳು ತೂಗಾಡಿ ತೂಗಾಡಿ ಬಲಕ್ಕೆ ವಾಲಿತು. ಸಾಹೇಬರು ನಿಟ್ಟುಸಿರುಬಿಟ್ಟು, "ನಡೆಸೋದೇ ಸರಿ" ಎಂದು ಬರೆಯಲು ಪೆನ್ನು ತೆಗೆದರು. ಅಷ್ಟರಲ್ಲಿ ಅವರೊಳಗಿನ ಇನ್ಸ್‌ಪೆಕ್ಟರು ಎಚ್ಚೆತ್ತ. ಬಲಗಡೆಯ ಪತ್ರಗಳು ದಪ್ಪ ರಟ್ಟಿನಂಥ ಕಾಗದದಲ್ಲಿದ್ದವು. ಎಡಗಡೆಯವು ಪರಪರ ಎನ್ನುವ ತೆಳು ಕಾಗದ. ಇದೇ ತೂಕವನ್ನು ಯಾವನಾದರೂ ಅಂಗಡಿಯವನು ತೂಗಿದ್ದರೆ ಅವನ ಲೈಸೆನ್ಸನ್ನು ಅಲ್ಲೇ ಕಿತ್ತುಕೊಳ್ಳುತ್ತಿದ್ದರು. ಪೆನ್ನು ಮುಚ್ಚಿ, ತಕ್ಕಡಿಯನ್ನು ಒರೆಸಿ ಒಳಗಿಟ್ಟರು.

ಆಗ ಮೇಜಿನ ಫೋನು ಬಡಿಯಿತು. ತಕ್ಕಡಿ ಮೇಷ್ಟ್ರು.

"ಏನಪ್ಪಾ, ನಾನು ಗುರುವಾರ ಬೆಳಗಿನ ರೈಲಿಗೇ ಹೊರಡ್ತೀನಿ. ಭಾಷಣ ಗೀಷಣ ಏನೂ ಬರೆದಿಲ್ಲ. ಕರೆದದ್ದಕ್ಕೆ ಬರ್ತೀನಿ, ಅಷ್ಟೇ."

"ಬನ್ನಿ ಸಾರ್, ಬನ್ನಿ," ಎಂದರು ಸಾಹೇಬರು. ಆ ದನಿ ಕೇಳಿದರೆ ಅವರಿಗೆ ಇವತ್ತಿಗೂ ಕೂತಲ್ಲಿಂದ ಏಳಬೇಕು ಎನ್ನಿಸುತ್ತಿತ್ತು. ಎದ್ದೂ ನಿಂತರು.

"ಮೂರು ವಾರದ ಹಿಂದೆ ಎರಡೂ ಕಣ್ಣಿನ ಪೊರೆ ತೆಗೆದ್ರಪ್ಪ. ನಾಲ್ಕು ವರ್ಷ ಎಲ್ಲಾ ಮಂಜು ಮಂಜು. ನನ್ನ ಮಗಳ ತಲೆ ನೆರೆತಿದೆ ಅಂತಾನೇ ನನಗೆ ಗೊತ್ತಿರಲಿಲ್ಲ, ಈಗ ನೋಡಿದೆ. ನಿಮ್ಮನ್ನೆಲ್ಲಾ ಹುಡುಗರಾಗಿದ್ದಾಗ ನೋಡಿದ್ದು. ಈಗ ಹೇಗೆ ಮುದುಕರಾಗಿದ್ದೀರಿ ಅಂತ ಒಂದ್ಸಲ ಕಣ್ತುಂಬಾ ನೋಡಬೇಕು. ಡಾಕ್ಟ್ರು ಧೂಳಿಗೆ ಹೋಗಬೇಡಿ ಅಂದಿದಾರೆ. ನಿಮ್ಮ ಹಾಲ್‌ನಲ್ಲಿ ಧೂಳು ಇರಲ್ಲ ತಾನೆ?"

"ಧೂಳು ಇರಲ್ಲ ಸಾರ್," ಎಂದರು ಸಾಹೇಬರು. ಫೋನನ್ನು ಕೆಳಗಿಟ್ಟ ಮೇಲೂ ಬಹಳ ಹೊತ್ತು ನಿಂತೇ ಇದ್ದರು. ಕೈ ಹಿಡಿದು ಕರೆದುಕೊಂಡು ಹೋಗಿ ಎಂದಿದ್ದ ಹದಿನಾಲ್ಕು ಜನ ಅವರ ಕಣ್ಣಮುಂದೆ ಸಾಲಾಗಿ ಬಂದರು. ಒಬ್ಬೊಬ್ಬರೂ ಮೇಷ್ಟ್ರ ಕೈ ಹಿಡಿದು, ಕಣ್ಣಿಗೊತ್ತಿಕೊಂಡು, ಮುಂದೆ ಸರಿಯುತ್ತಿದ್ದರು.

ಆರೋಗ್ಯಾಧಿಕಾರಿಗೆ ಫೋನು ಹಚ್ಚಿದರು. "ಮೇಡಂ, ಪೊರೆ ತೆಗೆಸಿ ಮೂರು ವಾರ ಆದವರು ಈ ಗುಂಪಿಗೆ ಬರಬಹುದಾ?"

ಈ ಸಲ ಆಕೆಯ ದನಿಯೇ ಬೇರೆಯಾಗಿತ್ತು. "ನಮ್ಮಪ್ಪ ಆಗಿದ್ರೆ ನಾನು ಮನೆಯಿಂದ ಹೊರಗೆ ಬಿಡ್ತಿರಲಿಲ್ಲ. ಅಂಥಾ ಕಣ್ಣಿಗೆ ಈ ಸೋಂಕು ತಗುಲಿದ್ರೆ ದೃಷ್ಟಿಯೇ ಹೋಗಬಹುದು."

"ಹಾಗಂತ ಬರೆದು ಕೊಡ್ತೀರಾ?"

"ಬರೆದು ಕೊಡೋಕಾಗಲ್ಲ. ಆದೇಶ ಬಂದಿಲ್ಲ."

ಸಾಹೇಬರು ಮನೆಗೆ ಬಂದು ಊಟದ ಮೇಜಿನ ಮೇಲೆ ಕಾಗದ ಹರಡಿದರು. ಸಂಜೆಯ ಹೊತ್ತಿಗೆ ಎರಡು ಪುಟ ತುಂಬಿತ್ತು. "ನಗರದಲ್ಲಿ ತಲೆದೋರಿದೆಯೆಂದು ಹೇಳಲಾಗುತ್ತಿರುವ ಕೆಲವು ಸನ್ನಿವೇಶಗಳ ಹಿನ್ನೆಲೆಯಲ್ಲಿ ಸಮ್ಮೇಳನದ ವಿಷಯವು ಪರಿಶೀಲನೆಯಲ್ಲಿದ್ದು..." ಎಂದು ಶುರುವಾಗಿದ್ದ ಅದು ಎರಡನೆಯ ಪುಟದ ಕೊನೆಗೂ ಪರಿಶೀಲನೆಯಲ್ಲೇ ಇತ್ತು. ಹೆಂಡತಿ ಉತ್ತರಪತ್ರಿಕೆ ತಿದ್ದುತ್ತ ಎದುರಿಗೇ ಕೂತಿದ್ದಳು. ಕೈ ಚಾಚಿ ಅದನ್ನು ಎಳೆದುಕೊಂಡು ಓದಿದಳು. ಕೆಂಪು ಪೆನ್ನಿನಿಂದ ಎರಡೂ ಪುಟಗಳಿಗೆ ಅಡ್ಡಗೆರೆ ಎಳೆದು, ಕೆಳಗೆ ಬರೆದಳು: "ಸಮ್ಮೇಳನ ಇಲ್ಲ. ಬರಬೇಡಿ."

"ಕಾರಣ ಬರೀಬೇಡ್ವೇನೇ?"

"ಕಾರಣ ನನ್ನ ಮೂರನೇ ಕ್ಲಾಸಿನ ಮಕ್ಕಳಿಗೆಲ್ಲಾ ಗೊತ್ತು. ಗೊತ್ತಿಲ್ಲದೆ ಇರೋದು ನಿಮ್ಮ ಕಮಿಟಿಯವರಿಗೆ ಮಾತ್ರ."

"ಅಧ್ಯಕ್ಷರ ಅಪ್ಪಣೆಯ ಮೇರೆಗೆ ಅಂತ ಹಾಕ್ಲಾ?"

"ಅವರು ಅಪ್ಪಣೆ ಕೊಟ್ಟಿದ್ದಾರಾ?"

"ಏನೂ ಹೇಳಿಲ್ಲ ಅಂತ ಕೂಡ ಹೇಳಬೇಡಿ ಅಂದಿದ್ದಾರೆ."

"ಹಾಗಾದ್ರೆ ನಿಮ್ಮ ಹೆಸರೇ ಹಾಕಿ."

ಇಪ್ಪತ್ತಾರು ವರ್ಷದಲ್ಲಿ ಸಾಹೇಬರು 'ಮೇಲಿನವರ ಅವಗಾಹನೆಗಾಗಿ' ಎಂಬ ಸಾಲಿಲ್ಲದೆ ಸಹಿ ಹಾಕಿದವರಲ್ಲ. ಮೂರನೇ ಪುಟದ ಭಾವಚಿತ್ರ ನೆನಪಾಯಿತು. ವೇದಿಕೆಯ ಮೇಲಿನ ಕುರ್ಚಿ ನೆನಪಾಯಿತು. ಮನಸ್ಸಿಗೆ ಚುರುಕ್ಕೆಂದಿತು. ಹಾಳಾಗಿ ಹೋಗಲಿ ಎಂದು ಸಹಿ ಹಾಕಿಬಿಟ್ಟರು. ಮರುದಿನ ಬೆಳಗ್ಗೆ ಎಲ್ಲ ಶಾಖೆಗಳಿಗೂ ಸಂದೇಶ ಹೋಯಿತು. ಮೇಷ್ಟ್ರಿಗೆ ಮಾತ್ರ ತಾವೇ ಫೋನು ಮಾಡಿ, "ಸಾರ್, ನೀವು ಬರೋದು ಬೇಡ. ಕಣ್ಣು ಗಟ್ಟಿಯಾಗಲಿ, ನಾವೇ ಒಬ್ಬೊಬ್ಬರಾಗಿ ಬಂದು ಮುಖ ತೋರಿಸಿ ಹೋಗ್ತೀವಿ," ಎಂದರು.

"ಒಬ್ಬೊಬ್ಬರಾಗಿ ಬಂದ್ರೆ ಒಳ್ಳೇದು. ಗುಂಪಿನಲ್ಲಿ ನಿಮ್ಮ ಮುಖಗಳು ಯಾವತ್ತೂ ಚೆನ್ನಾಗಿರಲಿಲ್ಲ," ಎಂದರು ಮೇಷ್ಟ್ರು.

ಆಮೇಲೆ ಶುರುವಾಯಿತು. "ರದ್ದು ಮಾಡಿ" ಎಂದು ಗದರಿದವರೇ, "ಒಂದು ಮಾತು ಕೇಳದೆ ಹೇಗ್ರೀ ರದ್ದು ಮಾಡಿದ್ರಿ?" ಎಂದು ಗದರಿದರು. "ನಡೆಸಿ" ಎಂದವರು ಇವರ ಹೆಸರು ಎತ್ತುವುದನ್ನೇ ಬಿಟ್ಟು ಬರಿ 'ಆ ಮನುಷ್ಯ' ಎನ್ನತೊಡಗಿದರು. ಅಧ್ಯಕ್ಷರು ತಾವು ರದ್ದತಿಯ ಪರವಾಗಿರಲಿಲ್ಲ, ಮುಂದೂಡಿಕೆಯ ಪರವಾಗಿದ್ದವರು ಎಂದು ಎಲ್ಲರ ಹತ್ತಿರವೂ ಹೇಳಿಕೊಂಡರು. ಹೆಂಡತಿಯ ತಮ್ಮ ಮುಖ ಗಂಟಿಕ್ಕಿಕೊಂಡು ಬಂದ. ಸಮ್ಮೇಳನದ ಬಾಗಿಲಲ್ಲಿ ಮಾರಬೇಕೆಂದು ಅವನು ಮುನ್ನೂರು ಕಪ್ಪು ಕನ್ನಡಕ ತರಿಸಿಕೊಂಡಿದ್ದನಂತೆ. "ರೋಗ ಹರಡಲಿ ಅಂತಲ್ಲ ಭಾವ, ಹರಡಿದ್ರೆ ಜನಕ್ಕೆ ಅನುಕೂಲ ಆಗಲಿ ಅಂತ," ಎಂದು ಕಣ್ಣೊರೆಸಿಕೊಂಡ.

ಇನ್ನೊಂದು ಅನ್ಯಾಯವೂ ನಡೆಯಿತು. ಹತ್ತು ಹದಿನೈದು ದಿನದಲ್ಲಿ ಕಣ್ಣುಬೇನೆ ತಾನಾಗಿ ಇಳಿಮುಖವಾಯಿತು. ಶಾಲೆಯ ಬೆಂಚುಗಳು ತುಂಬಿದವು. ಬಸ್ಸಿನಲ್ಲಿ ಮತ್ತೆ ಮೂವರ ಸೀಟಿನಲ್ಲಿ ನಾಲ್ವರು ಕೂತರು. ಆರೋಗ್ಯಾಧಿಕಾರಿಯ ಗುಮಾಸ್ತರೂ ಕೆಲಸಕ್ಕೆ ಬಂದರು. ಆದರೆ ಬರೆಯಲು ಕೇಸುಗಳೇ ಉಳಿದಿರಲಿಲ್ಲ. ಸಂಘದಲ್ಲಿ ಒಂದೇ ಮಾತು: "ಎಲ್ಲಿತ್ತು ರೋಗ? ನಿಮಗೆ ಬಂತಾ? ನನಗೆ ಬಂತಾ? ಒಬ್ಬ ಪ್ರತಿನಿಧಿಗಾದ್ರೂ ಸಮ್ಮೇಳನದಲ್ಲಿ ಬಂತಾ?"

"ಸಮ್ಮೇಳನವೇ ನಡೀಲಿಲ್ಲವಲ್ಲ," ಎಂದರು ಸಾಹೇಬರು.

"ಅದೇ ನಾವು ಕೇಳ್ತಿರೋದು, ಯಾಕೆ ನಡೀಲಿಲ್ಲ?"

ಹೀಗೆ, ಇಲ್ಲದ ರೋಗಕ್ಕೆ ಹೆದರಿ ಸಮ್ಮೇಳನ ರದ್ದು ಮಾಡಿದ ಕಾರ್ಯದರ್ಶಿಯ ಮೇಲೆ ವಿಚಾರಣೆ ನಡೆಸಲು ಅಧ್ಯಕ್ಷರ ನೇತೃತ್ವದಲ್ಲಿ ಒಂಬತ್ತು ಜನರ ಸಮಿತಿ ರಚನೆಯಾಯಿತು. ಆಪಾದನೆ ಸಾಬೀತಾದರೆ ಸಾಹೇಬರ ಕಾರ್ಯದರ್ಶಿ ಪದವಿ ಹೋಗುವುದಲ್ಲದೆ ವರದಿ ಇಲಾಖೆಯ ಕಡತಕ್ಕೂ ಸೇರುತ್ತಿತ್ತು. ಬಡ್ತಿಯ ಆಸೆಗೆ ಕಲ್ಲು. ಸಾಹೇಬರು ತಮ್ಮ ಪರವಾಗಿ ಹನ್ನೊಂದು ಪುಟದ ಹೇಳಿಕೆ ಬರೆದುಕೊಂಡು ಹೋದರು. "ಕೊಟ್ಟು ಹೊರಗಿರಿ, ಕರೆದಾಗ ಬನ್ನಿ," ಎಂದರು ಅಧ್ಯಕ್ಷರು.

ಸಮಿತಿ ಬಹಳ ಶ್ರದ್ಧೆಯಿಂದ ಕೂತಿತು. ವಿಷಯ ಗೋಪ್ಯವಾದ್ದರಿಂದ ಕಿಟಕಿ ಬಾಗಿಲುಗಳನ್ನೆಲ್ಲ ಹಾಕಿಸಲಾಗಿತ್ತು. ಮೊದಲ ದಿನ ಬೆಳಗ್ಗೆ ಖಜಾಂಚಿಯವರು ಒಂದು ಕಣ್ಣನ್ನು ಒರೆಸಿಕೊಳ್ಳುತ್ತ ಬಂದರು. ಮೊಮ್ಮಗಳು ಬೆರಳಿನಿಂದ ಚುಚ್ಚಿದ್ದು, ಅಷ್ಟೇ, ಎಂದರು. ಸೆಕೆಗೆ ಮುಖ ಒರೆಸಲು ಮೇಜಿನ ಮೇಲೆ ಒಂದೇ ಟವೆಲ್ಲು. ಹಳೆಯ ಕಡತಗಳ ಸಣ್ಣಕ್ಷರ ಓದಲು ಖಜಾಂಚಿಯವರದೇ ಒಂದು ಓದುವ ಕನ್ನಡಕ, ಸರದಿಯ ಮೇಲೆ ಒಂಬತ್ತು ಮೂಗುಗಳನ್ನೂ ಏರಿ ಇಳಿಯಿತು. ಮೂರು ದಿನ ಹೀಗೆ ಪರಸ್ಪರ ಸಹಕಾರದಿಂದ ಕೆಲಸ ಸಾಗಿ ವರದಿ ಸಿದ್ಧವಾಯಿತು. ಟೈಪಿಗೆ ಹೋಗಿ ಬರಲು ಮತ್ತೆರಡು ದಿನ.

ಐದನೆಯ ದಿನ ಹನ್ನೊಂದು ಗಂಟೆಗೆ ಸಾಹೇಬರಿಗೆ ಕರೆ ಬಂತು. ಬಾಗಿಲು ತಳ್ಳಿ ಒಳಗೆ ಹೋದರು. ಒಂಬತ್ತು ಜನರೂ ಮೇಜಿನ ಸುತ್ತ ತಲೆ ತಗ್ಗಿಸಿಕೊಂಡು ಕೂತಿದ್ದರು. ಕೆಲವರ ಕಣ್ಣ ಮೇಲೆ ಒದ್ದೆ ಹತ್ತಿ. ಇನ್ನು ಕೆಲವರ ರೆಪ್ಪೆಗಳು ಊದಿಕೊಂಡು, ಅಂಟಿಕೊಂಡು, ಎಲ್ಲಿ ಕಣ್ಣು ಎಲ್ಲಿ ಕೆನ್ನೆ ಎಂದು ಹೇಳಲಾಗದಂತಿದ್ದವು. ವರದಿ ಅಧ್ಯಕ್ಷರ ಮುಂದಿತ್ತು, ತಲೆಕೆಳಗಾಗಿ.

"ಯಾರು?" ಎಂದರು ಅಧ್ಯಕ್ಷರು ಗೋಡೆಯ ಕಡೆ ತಿರುಗಿ.

"ನಾನು ಸಾರ್, ಕಾರ್ಯದರ್ಶಿ."

"ಬನ್ನಿ. ನೀವು... ನಿಮಗೆ ಓದೋಕಾಗುತ್ತಾ?"

"ಆಗುತ್ತೆ ಸಾರ್."

"ಹಾಗಾದ್ರೆ ಆ ವರದೀನ ಸ್ವಲ್ಪ ಗಟ್ಟಿಯಾಗಿ ಓದಿ. ಸಹಿ ಹಾಕೋ ಮುಂಚೆ ಒಂದ್ಸಲ ಕೇಳಬೇಕು, ಅದು ನಿಯಮ. ಇಲ್ಲಿ ಬೇರೆ ಯಾರಿಗೂ... ಎಲ್ಲರೂ ಸ್ವಲ್ಪ ಸುಸ್ತಾಗಿದ್ದೇವೆ."

ಇನ್ನೊಬ್ಬರಾಗಿದ್ದರೆ ಅಲ್ಲಿ ಇಲ್ಲಿ ಒಂದೆರಡು ಸಾಲು ನುಂಗಿಬಿಡುತ್ತಿದ್ದರೇನೋ. ಕಾಲುಗ್ರಾಂ ಸಾಹೇಬರಿಗೆ ಅದು ಹೊಳೆಯಲೇ ಇಲ್ಲ. ವರದಿಯನ್ನು ನೇರಮಾಡಿ, ತಮ್ಮನ್ನು ಬೈದ ಸಾಲುಗಳನ್ನೂ ಅಲ್ಪವಿರಾಮ ಬಿಡದೆ ಓದಿದರು. ಕಾರ್ಯದರ್ಶಿಯವರು ಹೇಡಿಗಳೆಂದು ಓದಿದರು. ವಿವೇಚನೆಯಿಲ್ಲದವರೆಂದು ಓದಿದರು. ಹೇಡಿತನ ಎಂಬಲ್ಲಿ ಟೈಪಿಸ್ಟರು ಮಾಡಿದ್ದ ಕಾಗುಣಿತದ ತಪ್ಪನ್ನು ಪೆನ್ಸಿಲಿನಿಂದ ತಿದ್ದಿದರು ಕೂಡ. ಒಂಬತ್ತು ಜನರೂ ಕಣ್ಣು ಒತ್ತಿಕೊಳ್ಳುತ್ತ ತಲೆಯಾಡಿಸಿದರು.

"ಮುಖ್ಯವಾದ ಸಾಲು ಇನ್ನೊಂದ್ಸಲ ಓದಿ," ಎಂದರು ಅಧ್ಯಕ್ಷರು.

ಸಾಹೇಬರು ಓದಿದರು. "ನಗರದಲ್ಲಿ ಕಣ್ಣುಬೇನೆ ಇದ್ದುದಕ್ಕೆ ಸಮಿತಿಗೆ ಯಾವ ಪುರಾವೆಯೂ ಕಾಣಲ್ಪಟ್ಟಿರುವುದಿಲ್ಲ."

"ಉದ್ದವಾಯ್ತು. ಕಾಣಲಿಲ್ಲ ಅಂತ ತಿದ್ದಿ."

ಸಾಹೇಬರು ತಿದ್ದಿದರು. ಅಧ್ಯಕ್ಷರ ಬೆರಳು ಹಿಡಿದು ಸಹಿಯ ಜಾಗದ ಮೇಲಿಟ್ಟರು. ಆಮೇಲೆ ಎಂಟು ಜನರ ಬೆರಳುಗಳನ್ನೂ ಒಂದೊಂದಾಗಿ ಹಿಡಿದು ಒಂದೊಂದು ಗೆರೆಯ ಮೇಲಿಟ್ಟರು. ಕೆಲಸ ಮುಗಿದ ಮೇಲೆ ಮೂಲೆಯ ನಲ್ಲಿಯಲ್ಲಿ ಸಾಬೂನು ಹಾಕಿ ಎರಡು ಸಲ ಕೈ ತೊಳೆದುಕೊಂಡರು.

ಅಧ್ಯಕ್ಷರು ಮೇಜಿನ ಅಂಚನ್ನು ತಡವುತ್ತ ಮೆಲ್ಲಗೆ ಎದ್ದುನಿಂತರು. "ಕಾಣಲಿಲ್ಲ," ಎಂದು ತಮ್ಮಷ್ಟಕ್ಕೆ ತಾವೇ ಇನ್ನೊಮ್ಮೆ ಹೇಳಿ ನೋಡಿದರು. "ಸರಿಯಾಗಿದೆ. ಈಗ ಬಾಗಿಲು ಯಾವ ಕಡೆ ಇದೆ, ಸ್ವಲ್ಪ ತೋರಿಸ್ರಿ."